ಹಳೆಯ ಗಣಕಯಂತ್ರಗಳಲ್ಲಿ ಆಟದ ವೇಗ ನಿಯಂತ್ರಣ

ಆಟದ ವೇಗ ನಿಯಂತ್ರಣ ಎಂಬುದು ಗಣಕಯಂತ್ರದ ಪ್ರೊಸೆಸರ್ ನಿಧಾನವಾಗಿದ್ದರೂ ವೇಗವಾಗಿದ್ದರೂ ಅದರಲ್ಲಿ ನಡೆಯುವ ಆಟವು ಒಂದೇ ಗತಿಯಲ್ಲಿ ಸಾಗುವಂತೆ ಮಾಡುವ ತಂತ್ರಾಂಶ ವಿಧಾನ. 1980 ಮತ್ತು 1990ರ ದಶಕಗಳಲ್ಲಿ ಐಬಿಎಂ ಪಿಸಿ ಹಾಗೂ ಅದಕ್ಕೆ ಹೊಂದಿಕೊಳ್ಳುವ ಯಂತ್ರಗಳಿಗೆ ಆಟಗಳನ್ನು ರಚಿಸಿದವರು ಈ ಸಮಸ್ಯೆಯನ್ನು ವಿಶೇಷವಾಗಿ ಎದುರಿಸಬೇಕಾಯಿತು.

ಹಿನ್ನೆಲೆ

1981ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಐಬಿಎಂ ಪಿಸಿಯಲ್ಲಿ 4.77 ಮೆಗಾಹರ್ಟ್ಸ್ ವೇಗದ ಇಂಟೆಲ್ 8088 ಪ್ರೊಸೆಸರ್ ಇತ್ತು. ಆರಂಭದ ಹಲವು ಆಟಗಳು ಈ ಒಂದೇ ವೇಗವನ್ನು ನಂಬಿಕೊಂಡಿದ್ದವು. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಪ್ರೊಸೆಸರ್ ಸುಮ್ಮನೆ ಇಂತಿಷ್ಟು ಸಲ ಎಣಿಸುವಂತೆ ಮಾಡಲಾಗುತ್ತಿತ್ತು. ಇದನ್ನು ವಿಳಂಬ ಲೂಪ್ ಎನ್ನುತ್ತಾರೆ.

1984ರ ಪಿಸಿ ಎಟಿಯಲ್ಲಿ 6 ಮೆಗಾಹರ್ಟ್ಸ್‌ನ 80286 ಪ್ರೊಸೆಸರ್ ಬಂದಿತು. ಅದರ ಗಡಿಯಾರದ ವೇಗ ಹೆಚ್ಚಾಗಿದ್ದುದಲ್ಲದೆ, ಪ್ರತಿ ಆದೇಶಕ್ಕೆ ತಗಲುವ ಆವರ್ತಗಳೂ ಕಡಿಮೆಯಾಗಿದ್ದವು. ಹೀಗಾಗಿ ಎಣಿಕೆ ಬೇಗ ಮುಗಿದು, ಆಟಗಾರನು ಕೈಯಾಡಿಸುವ ಮೊದಲೇ ಆಟ ಮುಗಿದುಹೋಗುವಂತಾಯಿತು. ಇದಕ್ಕೆ ಪರಿಹಾರವಾಗಿ ಅನೇಕ ಯಂತ್ರಗಳಿಗೆ ಟರ್ಬೊ ಗುಂಡಿಯನ್ನು ಅಳವಡಿಸಲಾಯಿತು. ಹೆಸರು ಟರ್ಬೊ ಎಂದಿದ್ದರೂ ಅದರ ನಿಜವಾದ ಪ್ರಯೋಜನವಿದ್ದುದು ಯಂತ್ರವನ್ನು ನಿಧಾನಗೊಳಿಸುವುದರಲ್ಲಿ.

ಟೈಮರ್ ಚಿಪ್‌ನ ಬಳಕೆ

ಪಿಸಿಯಲ್ಲಿದ್ದ ಇಂಟೆಲ್ 8253 ಟೈಮರ್ ಚಿಪ್ ಸೆಕೆಂಡಿಗೆ ಸುಮಾರು 11,93,182 ಸಲ ಮಿಡಿಯುತ್ತದೆ. ಮುಂದಿನ ಯಂತ್ರಗಳಲ್ಲಿ ಪ್ರೊಸೆಸರ್ ಬದಲಾದರೂ ಈ ಮಿಡಿತವನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು. ಸಾಮಾನ್ಯ ಸ್ಥಿತಿಯಲ್ಲಿ ಚಿಪ್ 65,536 ಮಿಡಿತಗಳಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು 18.2 ಬಾರಿ, ಪ್ರೊಸೆಸರಿಗೆ ಸಂಕೇತ ನೀಡುತ್ತದೆ.

ಚುರುಕಾದ ಆಟಗಳಿಗೆ ಇದು ಸಾಲದು. ಭಾಜಕವನ್ನು 17,045ಕ್ಕೆ ಇಳಿಸಿದರೆ ಸೆಕೆಂಡಿಗೆ ಸುಮಾರು 70 ಸಂಕೇತಗಳು ದೊರೆಯುತ್ತವೆ. ಆದರೆ ಡಾಸ್‌ನ ಗಡಿಯಾರವೂ ಇದೇ ಸಂಕೇತವನ್ನು ಅವಲಂಬಿಸಿರುವುದರಿಂದ, ಹಳೆಯ ದರದಲ್ಲಿಯೇ ಅದಕ್ಕೆ ಸಂಕೇತ ತಲುಪಿಸುವ ಹೊಣೆ ಆಟದ್ದಾಗುತ್ತದೆ. ಇಲ್ಲವಾದರೆ ಗಡಿಯಾರ ಸುಮಾರು ನಾಲ್ಕು ಪಟ್ಟು ವೇಗವಾಗಿ ಓಡುತ್ತದೆ.

ಸ್ಥಿರ ಕಾಲಹಂತ

ಆಟದ ಲೆಕ್ಕಾಚಾರವನ್ನು ಚಿತ್ರರಚನೆಯಿಂದ ಬೇರ್ಪಡಿಸುವುದು ಹೆಚ್ಚು ಸಮರ್ಪಕವಾದ ವಿಧಾನ. ಉದಾಹರಣೆಗೆ, ಒಂದು ಚೆಂಡು ಸೆಕೆಂಡಿಗೆ 70 ಚುಕ್ಕೆಗಳಷ್ಟು ಚಲಿಸಬೇಕೆಂದಿರಲಿ. ಸೆಕೆಂಡಿಗೆ 35 ಹಂತಗಳಿದ್ದರೆ ಪ್ರತಿ ಹಂತದಲ್ಲಿ ಅದು 2 ಚುಕ್ಕೆ ಸರಿಯುತ್ತದೆ. ಸೆಕೆಂಡಿಗೆ 7 ಚಿತ್ರಗಳನ್ನಷ್ಟೇ ಬರೆಯಬಲ್ಲ ನಿಧಾನ ಯಂತ್ರವು ಪ್ರತಿ ಚಿತ್ರಕ್ಕೆ ಮುನ್ನ 5 ಹಂತಗಳ ಲೆಕ್ಕ ಮಾಡುತ್ತದೆ; ವೇಗದ ಯಂತ್ರವು ಮುಂದಿನ ಹಂತಕ್ಕಾಗಿ ಕಾಯುತ್ತದೆ. ಚಲನೆಯ ನಯ ಬೇರೆಯಾದರೂ ಚೆಂಡು ಗುರಿ ತಲುಪುವ ಕಾಲ ಒಂದೇ. 1993ರ ಡೂಮ್ ಆಟವು ಸೆಕೆಂಡಿಗೆ 35 ಹಂತಗಳ ಕ್ರಮವನ್ನು ಅನುಸರಿಸಿತು. ಆದರೆ ಹಂತದ ಲೆಕ್ಕಕ್ಕೇ ಸಮಯ ಸಾಲದಷ್ಟು ಯಂತ್ರ ನಿಧಾನವಾಗಿದ್ದರೆ ಈ ವಿಧಾನವೂ ವಿಫಲವಾಗುತ್ತದೆ.

ಮಿತಿಗಳು ಮತ್ತು ಸಂರಕ್ಷಣೆ

ಟರ್ಬೊ ಪ್ಯಾಸ್ಕಲ್ ಭಾಷೆಯ ವಿಳಂಬ ಸೌಲಭ್ಯವು ಆರಂಭದಲ್ಲೇ ಯಂತ್ರದ ವೇಗವನ್ನು ಅಳೆಯುತ್ತಿತ್ತು. ಸುಮಾರು 55 ಮಿಲಿಸೆಕೆಂಡುಗಳಲ್ಲಿ ಸಾಧ್ಯವಾದ ಎಣಿಕೆಯನ್ನು ಅದು 55ರಿಂದ ಭಾಗಿಸುತ್ತಿತ್ತು. 1990ರ ದಶಕದ ಕೊನೆಯ ವೇಗದ ಪ್ರೊಸೆಸರ್‌ಗಳಲ್ಲಿ ಭಾಗಲಬ್ಧವು 65,535ನ್ನು ಮೀರಿ, 16 ಬಿಟ್‌ಗಳಲ್ಲಿ ಹಿಡಿಸದೆ, ಕ್ರಮವಿಧಿಯು 200ನೇ ಸಂಖ್ಯೆಯ ದೋಷದೊಂದಿಗೆ ನಿಂತುಹೋಗುತ್ತಿತ್ತು. ದೂರದೃಷ್ಟಿಯಿಂದ ಮಾಡಿದ ಏರ್ಪಾಡೂ ಕಾಲಕ್ರಮದಲ್ಲಿ ಸೋಲಬಹುದೆಂಬುದಕ್ಕೆ ಇದು ನಿದರ್ಶನ.

ವಿಳಂಬ ಲೂಪ್ ಬಳಸಿದ ಆಟಗಳು ಇಂದಿನ ಯಂತ್ರಗಳ ಪೂರ್ಣ ವೇಗದಲ್ಲಿ ಆಡಲು ಬರುವುದಿಲ್ಲ. ಹಳೆಯ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್ ತಂತ್ರಾಂಶದಲ್ಲಿ ಪ್ರತಿ ಮಿಲಿಸೆಕೆಂಡಿಗೆ ನಡೆಸಬೇಕಾದ ಆದೇಶಗಳ ಸಂಖ್ಯೆಯನ್ನು ನಿಗದಿಪಡಿಸಬಹುದು. ಇದರಿಂದ ಅಂತಹ ಆಟಗಳನ್ನು ಅವುಗಳ ಮೂಲ ಗತಿಗೆ ಸಮೀಪವಾಗಿ ಇಂದಿಗೂ ಆಡಬಹುದಾಗಿದೆ.