ಉಸಿರು ಎಲ್ಲಿ ತಗೋಬೇಕು? ಶೋಪಾನ್ ಎಳೆದ ಕಮಾನು ಗೆರೆಗಳ ಕಥೆ

1/5
ಮೊದಲು ಈ ವಾಕ್ಯ ಜೋರಾಗಿ ಓದಿ: ಅಮ್ಮ ನಿನ್ನೆ ಬಂದವರಿಗೆ ಊಟ ಬಡಿಸಿದರು.

"ಅಮ್ಮ" ಆದ್ಮೇಲೆ ನಿಲ್ಲಿಸಿದ್ರೆ, ನೆಂಟರು ಬಂದಿದ್ದು ನಿನ್ನೆ. "ನಿನ್ನೆ" ಆದ್ಮೇಲೆ ನಿಲ್ಲಿಸಿದ್ರೆ, ಊಟ ಬಡಿಸಿದ್ದು ನಿನ್ನೆ. ಒಂದಕ್ಷರವೂ ಬದಲಾಗಿಲ್ಲ. ಬದಲಾಗಿದ್ದು ಉಸಿರು ತಗೊಂಡ ಜಾಗ ಮಾತ್ರ.

ಪಿಯಾನೋ ಬರಹದಲ್ಲಿ ಈ ಕೆಲಸ ಮಾಡೋದು ಸ್ವರಗಳ ಮೇಲೆ ಎಳೆದ ಬಾಗಿದ ಗೆರೆ. ಹೆಸರು ಸ್ಲರ್. ನಾನು ಕಮಾನು ಗೆರೆ ಅಂತೀನಿ. ಅದು ಶುರುವಾದಲ್ಲಿಂದ ಮುಗಿಯೋವರೆಗೆ ಒಂದೇ ಮಾತು. ಹಾಗಾದ್ರೆ ನಮ್ಮ ಕೈಗೆ ಸಿಗೋ ಪುಸ್ತಕದಲ್ಲಿ ಆ ಗೆರೆ ಎಳೆದಿದ್ದು ಯಾರು? ಸಂಗೀತ ಬರೆದವನಾ, ಅಚ್ಚು ಹಾಕಿದವನಾ?

2/5
ನನಗೆ ಈ ಪ್ರಶ್ನೆ ಹುಟ್ಟಿದ್ದು ಶೋಪಾನ್‌ನ ಇ ಮೈನರ್ ಪ್ರೆಲ್ಯೂಡ್ ಕಲಿಯುವಾಗ. ಓಪಸ್ 28, ನಂಬರ್ 4. ಬರೀ 25 ಬಾರ್. (ಬಾರ್ ಅಂದ್ರೆ ಹೆಚ್ಚುಕಡಿಮೆ ನಮ್ಮ ತಾಳದ ಆವರ್ತದ ಹಾಗೆ.) 1849ರ ಅಕ್ಟೋಬರ್ 30ರಂದು ಪ್ಯಾರಿಸ್‌ನ ಮಡಲೆನ್ ಚರ್ಚಿನಲ್ಲಿ, ಅವನ ಅಂತ್ಯಸಂಸ್ಕಾರದಲ್ಲಿ ಆರ್ಗನ್ ಮೇಲೆ ಇದನ್ನೂ ನುಡಿಸಿದ್ದರು.

ನನಗೆ ಪುಕ್ಕಟೆ ಸಿಕ್ಕ ಹಳೇ ಪ್ರತಿಯಲ್ಲಿ ಚಿಕ್ಕ ಚಿಕ್ಕ ಕಮಾನುಗಳಿದ್ದವು. ಹಾಗೇ ತುಂಡು ತುಂಡಾಗಿ ನುಡಿಸಿದೆ. ಪಕ್ಕದಲ್ಲಿ ಓದ್ತಿದ್ದ ತಂಗಿ, "ನಿನ್ನ ಕೀಬೋರ್ಡ್‌ಗೆ ಬಿಕ್ಕಳಿಕೆ ಬಂದಿದ್ಯಾ?" ಅಂದ್ಲು.

ಆಮೇಲೆ ಶೋಪಾನ್ ಕೈಬರಹದ ಚಿತ್ರ ಹುಡುಕಿದೆ. ಮೂಲ ಇವತ್ತು ವಾರ್ಸಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅಲ್ಲಿ ಕಮಾನು ಬಾರ್ ಮೇಲೆ ಬಾರ್ ದಾಟ್ಕೊಂಡು ಹೋಗುತ್ತೆ. ನಾನು ಉಸಿರು ಬಿಟ್ಟ ಕಡೆಯಲ್ಲೆಲ್ಲ ಅವನು ಮಾತನ್ನೇ ಮುಗಿಸಿರಲಿಲ್ಲ!

3/5
ಹಾಗಾದ್ರೆ ದಾರಿಯಲ್ಲಿ ಏನಾಯ್ತು? ಇಲ್ಲಿ ನಮ್ಮ ಬಿಕಾಂ ತಲೆ ಓಡಿಸೋಣ.

1839ರ ಜನವರಿಯಲ್ಲಿ ಶೋಪಾನ್ ಮಯೋರ್ಕಾ ದ್ವೀಪದಿಂದ 24 ಪ್ರೆಲ್ಯೂಡ್‌ಗಳ ಹಸ್ತಪ್ರತಿಯನ್ನ ಪ್ಯಾರಿಸ್‌ನಲ್ಲಿದ್ದ ಗೆಳೆಯ ಜೂಲಿಯನ್ ಫೊಂಟಾನಾಗೆ ಕಳಿಸಿದ. ಆಗ ಒಂದು ದೇಶದ ಕಾಪಿರೈಟ್ ಇನ್ನೊಂದು ದೇಶದಲ್ಲಿ ನಡೀತಿರಲಿಲ್ಲ. ಪ್ಯಾರಿಸ್‌ನಲ್ಲಿ ಮಾತ್ರ ಅಚ್ಚಾದ್ರೆ ಲೈಪ್‌ಜಿಗ್‌ನಲ್ಲಿ ಯಾರು ಬೇಕಾದ್ರೂ ಕದ್ದು ಅಚ್ಚು ಹಾಕಬಹುದಿತ್ತು. ಅದಕ್ಕೆ ಅವನು ಫ್ರಾನ್ಸ್, ಜರ್ಮನಿ, ಇಂಗ್ಲೆಂಡ್ ಮೂರೂ ಕಡೆ ಹಕ್ಕು ಬೇರೆ ಬೇರೆ ಮಾರ್ತಿದ್ದ.

ಫೊಂಟಾನಾ ಕೂತು ನಕಲು ಮಾಡಿದ. ಮೂಲ ಹಸ್ತಪ್ರತಿ ಪ್ಯಾರಿಸ್‌ನ ಕಾಟೆಲಿನ್ ಅಚ್ಚಿಗೆ, ನಕಲು ಲೈಪ್‌ಜಿಗ್‌ನ ಬ್ರೈಟ್‌ಕಾಫ್ ಅಚ್ಚಿಗೆ. ಲಂಡನ್‌ನ ವೆಸೆಲ್ ಕೂಡ ಅದೇ ವರ್ಷ ತಂದ. ಅರ್ಪಣೆಯೂ ಒಂದೇ ಅಲ್ಲ: ಪ್ಯಾರಿಸ್ ಪ್ರತಿ ಪ್ಲೆಯೆಲ್‌ಗೆ, ಲೈಪ್‌ಜಿಗ್ ಪ್ರತಿ ಕೆಸ್ಲರ್‌ಗೆ.

ಒಂದೇ ವೋಚರ್, ಮೂರು ಲೆಡ್ಜರ್. ಪೋಸ್ಟಿಂಗ್ ತಪ್ಪಾಗದೇ ಇರುತ್ತಾ?

4/5
ಅಚ್ಚಿನ ಕೆಲಸವನ್ನೂ ಸ್ವಲ್ಪ ಕಲ್ಪಿಸಿಕೊಳ್ಳಿ. ಮೃದು ಲೋಹದ ತಗಡು. ಸ್ವರದ ಗುಂಡುಗಳನ್ನ ಅಚ್ಚುಮೊಳೆಯಿಂದ ಬಡೀತಾರೆ. ಕಮಾನು ಗೆರೆಯನ್ನ ಮಾತ್ರ ಉಳಿಯಿಂದ ಕೈಯಲ್ಲೇ ಕೊರೀಬೇಕು. ಅದೂ ಕನ್ನಡಿಯಲ್ಲಿ ಕಂಡ ಹಾಗೆ, ಎಡ ಬಲ ತಿರುಗಿಸಿ.

ಇನ್ನೊಂದು ಕಷ್ಟ: ಹಸ್ತಪ್ರತಿಯಲ್ಲಿ ಸಾಲು ಮುಗಿಯೋ ಜಾಗವೇ ಬೇರೆ, ಅಚ್ಚಿನಲ್ಲಿ ಮುಗಿಯೋ ಜಾಗವೇ ಬೇರೆ. ಎಷ್ಟೋ ಕಡೆ ಶೋಪಾನ್‌ನ ಕಮಾನು ಸಾಲಿನ ಕೊನೇಲಿ ಮುಂದಕ್ಕೆ ಚಾಚಿರುತ್ತೆ. ಆದ್ರೆ ಮುಂದಿನ ಸಾಲಲ್ಲಿ ಅದರ ಉಳಿದ ಭಾಗವೇ ಇರಲ್ಲ. ಮುಗೀತಾ, ಮುಂದುವರೀತಾ? ಕೆಲಸಗಾರ ಏನಾದ್ರೂ ಒಂದು ತೀರ್ಮಾನ ಮಾಡಲೇಬೇಕಿತ್ತು. ಅವನನ್ನ ಬೈಯೋಕೆ ನನಗೆ ಮನಸ್ಸಿಲ್ಲ.

ಬೈಯಬೇಕಾದ್ರೆ ಆಮೇಲೆ ಬಂದ ಸಂಪಾದಕರನ್ನ. ಉದ್ದ ಕಮಾನು "ಅಚ್ಚುಕಟ್ಟಾಗಿಲ್ಲ" ಅಂತ ಕತ್ತರಿಸಿದವರುಂಟು, ಇಲ್ಲದ ಕಡೆ ಸೇರಿಸಿದವರುಂಟು. ಯಾವುದು ಯಾರದ್ದು ಅಂತ ಗುರುತೂ ಹಾಕಲಿಲ್ಲ. 1925ರಲ್ಲಿ ವಿಯೆನ್ನಾದ ಹೈನ್ರಿಖ್ ಶೆಂಕರ್ ಇಂಥ ಕಮಾನುಗಳನ್ನ ಕಿತ್ತೆಸೀರಿ ಅಂತ ಲೇಖನವನ್ನೇ ಬರೆದ.

5/5
ಹಾಗಂತ "ಹಸ್ತಪ್ರತಿಯೇ ವೇದವಾಕ್ಯ" ಅಂದ್ಕೋಬೇಡಿ. ಶೋಪಾನ್ ಪ್ಯಾರಿಸ್‌ನಲ್ಲಿದ್ದಾಗ ಎಷ್ಟೋ ಕೃತಿಗಳ ಕರಡನ್ನ ತಾನೇ ತಿದ್ದಿದ್ದಾನೆ. ಅಂದ್ರೆ ಅಚ್ಚಿನಲ್ಲಿ ಕಾಣೋ ಬದಲಾವಣೆ ಅವನದ್ದೇ ಆಗಿರಬಹುದು. ಅಚ್ಚಾದ ಮೇಲೂ ಜೇನ್ ಸ್ಟರ್ಲಿಂಗ್‌ರಂಥ ಶಿಷ್ಯೆಯರ ಪುಸ್ತಕಗಳಲ್ಲಿ ಪೆನ್ಸಿಲ್ ಗುರುತು ಹಾಕಿದ್ದಾನೆ. ಅವು ಈಗಲೂ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅದಕ್ಕೇ ಇವತ್ತಿನ ಒಳ್ಳೆ ಸಂಪಾದಕರು ಹಸ್ತಪ್ರತಿ, ನಕಲು, ಮೂರು ದೇಶದ ಅಚ್ಚು, ಪೆನ್ಸಿಲ್ ಗುರುತು ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ. ವ್ಯತ್ಯಾಸ ಇದ್ದಲ್ಲಿ ಓದುಗರಿಗೆ ತಿಳಿಸ್ತಾರೆ.

ಒಂದು ಗೆರೆಗೆ ಇಷ್ಟೆಲ್ಲ ಯಾಕೆ? ಶಿಷ್ಯ ಮಿಕುಲಿ ನೆನಪಿಸಿಕೊಂಡಿದ್ದಾನೆ: ತಪ್ಪು ಜಾಗದಲ್ಲಿ ನಿಲ್ಲಿಸಿ ನುಡಿಸಿದ್ರೆ, ಗೊತ್ತಿಲ್ಲದ ಭಾಷೆಯ ಭಾಷಣವನ್ನ ಉರು ಹೊಡೆದು ಒಪ್ಪಿಸಿದ ಹಾಗಿದೆ ಅಂತಿದ್ದನಂತೆ ಶೋಪಾನ್. ನಾನು ಮಾಡಿದ್ದೂ ಅದನ್ನೇ. ಸ್ವರ ಒಂದೂ ತಪ್ಪಿರಲಿಲ್ಲ, ಮಾತು ಮಾತ್ರ ಅರ್ಥವಾಗಿರಲಿಲ್ಲ.

ಹೋದ ವಾರ ಉದ್ದ ಕಮಾನು ನೋಡ್ಕೊಂಡು ಮತ್ತೆ ನುಡಿಸಿದೆ. ತಂಗಿ ಏನೂ ಅನ್ನಲಿಲ್ಲ. ಪುಸ್ತಕದಿಂದ ತಲೆ ಎತ್ತಿದ್ಲು, ಅಷ್ಟೇ.

ನೀವು ಕಲೀತಿರೋ ಪ್ರತಿಯ ಮೊದಲ ಪುಟ ಇವತ್ತೇ ತೆಗೆದು ನೋಡಿ. ಸಂಪಾದಕರ ಹೆಸರು ಇದ್ಯಾ? ಕಾಮೆಂಟ್‌ನಲ್ಲಿ ಹೇಳಿ. ಪಿಯಾನೋ ಕಲಿಯೋ ಗೆಳೆಯರಿದ್ರೆ ಕಳಿಸಿ.