ವಿಜಾಪುರದ ಬಾವಿಗಳು ಕಲಿಸುವ ಲೆಕ್ಕ

ಬೆಂಕಿ ಬಿದ್ದಾಗ ಬಾವಿ ತೋಡಿದರೇನು ಫಲವೆಂದು ನಮ್ಮ ಹಿರಿಯರು ಕೇಳುತ್ತಿದ್ದರು. ಆದರೂ ಮಳೆ ತಪ್ಪಿದ ಮೇಲೆಯೇ ನೆಲದೊಳಗಿನ ನೀರನ್ನು ನೆನೆಯುವುದು ಲೋಕರೂಢಿಯಾಗಿದೆ. ಈ ರೂಢಿಯು ಎಲ್ಲ ಕಾಲಗಳಲ್ಲಿಯೂ ಇರಲಿಲ್ಲವೆಂಬುದಕ್ಕೆ ವಿಜಾಪುರದ, ಅಂದರೆ ಇಂದಿನ ವಿಜಯಪುರದ, ಇತಿಹಾಸವೇ ಸಾಕ್ಷಿ.

ಮ್ಹಾಪಸಾದಲ್ಲಿರುವ ಕನ್ನಡಿಗರಿಗೆ ವಿಜಾಪುರವು ಪರಸ್ಥಳವಲ್ಲ. ನಮ್ಮಲ್ಲಿ ಅನೇಕ ಮನೆತನಗಳು ಆ ಸೀಮೆಯವು. 1543ರಲ್ಲಿ ಪೋರ್ತುಗೀಜರ ಕೈಸೇರುವ ಮೊದಲು ಈ ಬಾರ್ದೇಶವೂ ಆದಿಲಶಾಹಿಗೆ ಒಳಪಟ್ಟಿತ್ತು. ಆದರೆ ಎರಡು ನೆಲಗಳ ಗುಣ ಬೇರೆ. ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅಲ್ಲಿ 600ರ ಆಸುಪಾಸು. ಅಲ್ಲಿಯ ಎರೆಮಣ್ಣಿನ ಕೆಳಗಿರುವುದು ಗಟ್ಟಿಯಾದ ಕರಿಗಲ್ಲು. ಅದರ ಬಿರುಕುಗಳಲ್ಲಿ, ಶಿಥಿಲವಾದ ಪದರಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ.

ಇಂಥ ಬಯಲಿನಲ್ಲಿ ಒಂದು ದೊಡ್ಡ ರಾಜಧಾನಿಯು ಬೆಳೆಯಿತು. ಒಂದನೆಯ ಅಲಿ ಆದಿಲಶಹನ (1558–1580) ಕಾಲದಲ್ಲಿ ಪಶ್ಚಿಮದ ತೊರವಿಯಿಂದ ನೆಲದಡಿಯ ಸುರಂಗದ ಮೂಲಕ ನೀರನ್ನು ತಂದರು. ಎರಡನೆಯ ಇಬ್ರಾಹಿಮನ ಆಳಿಕೆಯಲ್ಲಿ, 1620ರಲ್ಲಿ, ತಾಜ್ ಬಾವಡಿಯಾಯಿತು. ಮಹಮ್ಮದ ಆದಿಲಶಹನು 1651ರಲ್ಲಿ ನಗರದ ದಕ್ಷಿಣಕ್ಕೆ ಬೇಗಂ ತಲಾಬನ್ನು ಕಟ್ಟಿಸಿದನು. ಅಲ್ಲಿಂದ ನೀರು ಮಣ್ಣಿನ ಕೊಳವೆಗಳಲ್ಲಿ ಹರಿದುಬರುತ್ತಿತ್ತು. ಒತ್ತಡವನ್ನು ತಗ್ಗಿಸಲು ನಡುನಡುವೆ ‘ಗಂಜ್’ ಎಂಬ ಗೋಪುರಗಳಿದ್ದವು. ಕೆರೆ, ಸುರಂಗ, ಬಾವಿ ಎಂದು ಮೂರು ಬಗೆಯ ಆಧಾರಗಳು ನಗರಕ್ಕೆ ದೊರೆತವು. ಒಂದು ಬತ್ತಿದರೆ ಇನ್ನೊಂದು ಕೈಹಿಡಿಯುವಂತಿತ್ತು.

1686ರಲ್ಲಿ ಔರಂಗಜೇಬನು ನಗರವನ್ನು ಗೆದ್ದನು. ರಾಜ್ಯವು ಹೋಯಿತು, ಜಲಕಾರ್ಯಗಳು ಕಾಲಕ್ರಮದಲ್ಲಿ ಹಾಳಾದವು. 1876–78ರ ಧಾತು ಈಶ್ವರ ಬರದಲ್ಲಿ ಆ ಸೀಮೆಯ ಜನರು ಪಟ್ಟ ಸಂಕಟವು ಅಪಾರ. ಮುಂದೆ ಕೊಳವೆಬಾವಿಗಳು ಬಂದ ಮೇಲೆ ಬಾವಡಿಗಳು ಕಸದ ಗುಂಡಿಗಳಾದವು. ಇತ್ತೀಚಿನ ವರ್ಷಗಳಲ್ಲಿ ತಾಜ್ ಬಾವಡಿಯ ಹೂಳನ್ನು ತೆಗೆಸಿದ್ದು ಸಂತೋಷದ ಸಂಗತಿ.

ಆದರೆ ಬಾವಿ ತೋಡಿದರೆ ಸಾಲದು, ಲೆಕ್ಕವೂ ಬೇಕು. ವಿದ್ಯಾರ್ಥಿಗಳು ಈ ಲೆಕ್ಕವನ್ನು ಮಾಡಿ ನೋಡಲಿ. ಒಂದು ಹೆಕ್ಟೇರ್ ಹೊಲದಡಿಯಲ್ಲಿ ಮಳೆಗಾಲ ಮುಗಿದಾಗ ನೀರಿನ ಮಟ್ಟವು 3 ಮೀಟರ್ ಏರಿತೆನ್ನೋಣ. ಕರಿಗಲ್ಲಿನ ಪದರವು ತನ್ನ ಗಾತ್ರದ ನೂರಕ್ಕೆ 2ರಷ್ಟು ನೀರನ್ನು ಬಿಟ್ಟುಕೊಡುತ್ತದೆಂದು ಹಿಡಿದರೆ, ದೊರೆಯುವುದು 600 ಘನಮೀಟರ್. ರೈತನ ಅಗತ್ಯವು 500 ಆದರೆ ಉಳಿಕೆ 100. ಬರದ ವರ್ಷದಲ್ಲಿ ಮಟ್ಟವು 1 ಮೀಟರ್ ಮಾತ್ರ ಏರಿದರೆ ದೊರೆಯುವುದು 200, ಕೊರತೆ 300. ಅಂದರೆ ಒಂದು ಬರದ ಸಾಲವನ್ನು ತೀರಿಸಲು ಮೂರು ಒಳ್ಳೆಯ ವರ್ಷಗಳ ಉಳಿಕೆ ಬೇಕು! ಮೇಲಾಗಿ ಮಳೆಯಿಲ್ಲದಾಗ ಪೈರು ಬಾವಿಯ ನೀರನ್ನು ಹೆಚ್ಚಾಗಿಯೇ ಬೇಡುತ್ತದೆ.

ನಮ್ಮ ದೇಶದ ಅಂತರ್ಜಲದ ಅಂದಾಜಿನಲ್ಲಿ, ನೆಲಕ್ಕೆ ಇಂಗಿ ಬಳಕೆಗೆ ದೊರೆಯುವ ನೀರಿನಲ್ಲಿ ನೂರಕ್ಕೆ 70ರೊಳಗೆ ತೆಗೆದರೆ ‘ಸುರಕ್ಷಿತ’ವೆಂದೂ 100 ಮೀರಿದರೆ ‘ಅತಿಬಳಕೆ’ಯೆಂದೂ ಎಣಿಸುತ್ತಾರೆ. ಈ ಎಣಿಕೆಗೆ ಆಧಾರವು ಸಾಧಾರಣ ಮಳೆ. ಆದುದರಿಂದ ಉಳಿದ 30ನ್ನು ವ್ಯರ್ಥವೆಂದು ಬಗೆಯಬಾರದು. ಅದು ಬರದ ವರ್ಷಕ್ಕೆ ಕಟ್ಟಿಟ್ಟ ಬುತ್ತಿ. ಕೋಲಾರದಂತಹ ಜಿಲ್ಲೆಗಳಲ್ಲಿ ಈ ಬುತ್ತಿಯನ್ನು ಒಳ್ಳೆಯ ವರ್ಷಗಳಲ್ಲಿಯೇ ಉಂಡು ಮುಗಿಸಿದ್ದಾಯಿತು.

ಗೋವೆಯವರಿಗೆ ಈ ಚಿಂತೆಯೇಕೆಂದು ಕೆಲವರು ಕೇಳಬಹುದು. ಇಲ್ಲಿಯ ಜಂಬಿಟ್ಟಿಗೆ ಕಲ್ಲು ಮಳೆನೀರನ್ನು ಬೇಗನೆ ಹೀರಿ, ಒರತೆಗಳ ಮೂಲಕ ಬೇಗನೆ ಬಿಟ್ಟುಬಿಡುತ್ತದೆ. ಆಷಾಢದಲ್ಲಿ ತುಂಬಿದ ಬಾವಿಯು ವೈಶಾಖದಲ್ಲಿ ತಳ ಕಾಣುವುದುಂಟು. ಈ ಕಾರಣದಿಂದಲೇ 2002ರಲ್ಲಿ ಇಲ್ಲಿಯೂ ಅಂತರ್ಜಲ ನಿಯಂತ್ರಣದ ಕಾಯಿದೆಯಾಯಿತು.

ಬಾವಿ ಬತ್ತಿದಾಗ ಹೊಲ ಬೀಳುತ್ತದೆ. ಹೊಲ ಬಿದ್ದಾಗ ಕುಟುಂಬವು ಗುಳೆ ಹೋಗುತ್ತದೆ. ಮಗುವಿನ ಶಾಲೆಯು ನಡುವೆಯೇ ನಿಲ್ಲುತ್ತದೆ. ಶಿಕ್ಷಕರಾದ ನಮಗೆ ಇದಕ್ಕಿಂತ ದೊಡ್ಡ ನಷ್ಟವುಂಟೆ? ಆದುದರಿಂದ ಪ್ರತಿಯೊಂದು ಶಾಲೆಯ ಮಕ್ಕಳೂ ಹತ್ತಿರದ ಬಾವಿಯ ನೀರಿನ ಮಟ್ಟವನ್ನು, ಹಿರಿಯರ ಸಮಕ್ಷಮದಲ್ಲಿ, ಮಳೆಗೆ ಮೊದಲೊಮ್ಮೆ, ಮಳೆಯ ನಂತರ ಒಮ್ಮೆ ಹಗ್ಗದಿಂದ ಅಳೆದು ಬರೆದಿಡಲಿ. ಹತ್ತು ವರ್ಷಗಳ ಆ ಪುಸ್ತಕವು ಊರಿಗೇ ದಾರಿದೀಪವಾದೀತು.