ಒಡವೆ ಮತ್ತು ಒಡೆತನ

ಆಭರಣಕ್ಕೆ ಅಚ್ಚಗನ್ನಡದಲ್ಲಿ ನಾವು ಆಡುವ ಮಾತು 'ಒಡವೆ'. ಈ ಮಾತಿನ ಮೂಲಾರ್ಥ ಅಲಂಕಾರವಲ್ಲ, ಸ್ವತ್ತು. 'ಒಡೆಯ', 'ಒಡೆತನ' ಎಂಬ ಶಬ್ದಗಳು ಯಾವ ಬೇರಿನಿಂದ ಹುಟ್ಟಿದುವೋ ಅದೇ ಬೇರಿನಿಂದ ಒಡವೆಯೂ ಹುಟ್ಟಿದೆ. ಒಬ್ಬರು ತಮ್ಮದೆಂದು ಹೊಂದಿರುವ ವಸ್ತುವೇ ಒಡವೆ. ವಚನಗಳಲ್ಲಿ ಈ ಮಾತು ಸ್ವತ್ತೆಂಬ ಅರ್ಥದಲ್ಲಿಯೇ ಬಳಕೆಯಾಗಿರುವುದುಂಟು; ಮನೆಮಾತಿನ 'ಒಡವೆ ವಸ್ತು' ಎಂಬ ಜೋಡುನುಡಿಯಲ್ಲಿ ಆ ಹಳೆಯ ಅರ್ಥದ ನೆರಳು ಇಂದಿಗೂ ಉಳಿದಿದೆ. ಮದುವೆಯ ಮನೆಯಲ್ಲಿ ಹೆಣ್ಣಿಗೆ ಏನು ತೊಡಿಸಬೇಕೆಂಬ ಮಾತು ಬಂದಾಗ ಈ ಪದದ ಹುಟ್ಟನ್ನು ನೆನೆಯುವುದು ಒಳ್ಳೆಯದು. ಮದುಮಗಳ ಮೈಮೇಲಿರುವುದು ಅವಳೇ ಮೆಚ್ಚಿ ಆರಿಸಿದ್ದೋ, ಬೇರೆಯವರು ಆರಿಸಿ ಹೊರಿಸಿದ್ದೋ? ಮದುವೆ ಮುಗಿದ ಮೇಲೆ ಅದು ಯಾರದು? ಈ ಎರಡು ಪ್ರಶ್ನೆಗಳು ಬೇರೆಬೇರೆಯಾಗಿ ಕಂಡರೂ ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಮದುಮಗಳ ಒಡವೆಗಳಲ್ಲಿ ಎರಡು ಬಗೆಯುಂಟು. ತಾಳಿ, ಕಾಲುಂಗುರ, ಹಸುರು ಬಳೆ, ಹಣೆಗೆ ಕಟ್ಟುವ ಬಾಸಿಂಗ ಮೊದಲಾದುವು ಆಯಾ ಮನೆತನದ ಸಂಪ್ರದಾಯ ಕೇಳುವಂಥವು. ಅಲ್ಲಿ ಆಯ್ಕೆಗೆ ಹೆಚ್ಚು ಎಡೆಯಿಲ್ಲ. ಉಳಿದುವು ಇಷ್ಟಕ್ಕೆ ಬಿಟ್ಟವು. ಹಳೆಯ ಮೈಸೂರಿನ ಕಡೆ ಅಡ್ಡಿಕೆ, ಕಾಸಿನ ಸರ, ವಂಕಿ, ಡಾಬು, ಜಡೆಬಿಲ್ಲೆ. ಬಡಗಣ ಜಿಲ್ಲೆಗಳಲ್ಲಿ ಬೋರಮಾಳ, ಗುಂಡಿನ ಸರ, ಮುತ್ತಿನ ನತ್ತು. ಕೊಡಗಿನಲ್ಲಿ ಜೋಮಾಲೆ, ಕೊಕ್ಕೆತಾತಿ. ಇವುಗಳಲ್ಲಿ ಯಾವುದು ಮುಂದೆ ನಿಲ್ಲಬೇಕು, ನೋಡುವವರ ಕಣ್ಣು ಮೊದಲು ಯಾವುದರ ಮೇಲೆ ತಂಗಬೇಕು ಎಂಬುದರಲ್ಲಿಯೇ ತೊಡುವವಳ ಅಭಿರುಚಿ ಗೊತ್ತಾಗುತ್ತದೆ. ಒಂದು ಒಡವೆ ಹಾಡಿದರೆ ಉಳಿದುವು ಶ್ರುತಿ ಹಿಡಿಯಬೇಕು. ಎಲ್ಲವೂ ಒಟ್ಟಿಗೆ ಹಾಡಹೊರಟರೆ ಸಂತೆಯಾದೀತು. 'ಮೂಗಿಗಿಂತ ಮೂಗುತಿ ಭಾರ' ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಇಂಥ ಆಯ್ಕೆ ಈಚಿನವರ ಸ್ವೇಚ್ಛೆಯೆಂದು ಮೂಗು ಮುರಿಯುವವರುಂಟು. ಆದರೆ ಮೂಗಿನ ಒಡವೆಯೇ ಒಂದು ಕಾಲದ ಹೊಸತು! ಅಮರಕೋಶದಲ್ಲಿ ತಲೆ, ಹಣೆ, ಕಿವಿ, ಕೊರಳು, ತೋಳು, ಬೆರಳು, ನಡು, ಕಾಲು ಎಲ್ಲಕ್ಕೂ ಆಭರಣಗಳ ಹೆಸರುಗಳಿವೆ. ಮೂಗಿಗೆ ಮಾತ್ರ ಇಲ್ಲ. ಬಾದಾಮಿಯ ಗುಹೆಗಳಲ್ಲಿ ಕೆತ್ತಿದ ಸ್ತ್ರೀಮೂರ್ತಿಗಳು ಹಾರ, ಕೇಯೂರ, ಮೇಖಲೆಗಳಿಂದ ತುಂಬಿವೆ, ಮೂಗು ಬರಿದು. ಭಾರತದಲ್ಲಿ ಮೂಗಿನ ಆಭರಣ ಪ್ರಾಚೀನವಲ್ಲವೆಂದು ಇತಿಹಾಸಕಾರ ಆಳ್ತೇಕರರು ವಾದಿಸಿದ್ದಾರೆ. ಇಂದು ಮುತ್ತೈದೆಯ ಲಕ್ಷಣವೆಂದು ನಾವು ಭಾವಿಸುವ ಮೂಗುತಿಯನ್ನು ಎಂದೋ ಒಬ್ಬಳು ಮೊದಲು ತೊಟ್ಟಿರಬೇಕು. ಅವಳ ನೆರೆಹೊರೆಯವರು ಹುಬ್ಬೇರಿಸಿಯೂ ಇರಬೇಕು.

ಓಲೆಯ ಕಥೆ ಇನ್ನೂ ಸ್ವಾರಸ್ಯವಾದುದು. ಓಲೆಯೆಂದರೆ ತಾಳೆಯ ಗರಿ. ಬರೆದು ಕಳುಹಿದರೆ ಅದು ಕಾಗದ, ಸುರುಳಿ ಸುತ್ತಿ ಕಿವಿಗಿಟ್ಟರೆ ಒಡವೆ. ಸಂಸ್ಕೃತದಲ್ಲಿಯೂ ಕಿವಿಯ ಆಭರಣಕ್ಕೆ ತಾಳಪತ್ರವೆಂಬ ಹೆಸರಿದೆ. ಗರಿ ಹೋಗಿ ಚಿನ್ನ ಬಂದಿತು, ವಜ್ರ ಬಂದಿತು; ಹೆಸರು ಹಾಗೆಯೇ ಉಳಿಯಿತು. 'ಓಲೆಭಾಗ್ಯ' ಎಂದು ಹರಸುವಾಗ ನಾವು ಒಂದು ಎಲೆಯ ಹೆಸರನ್ನೇ ಆಡುತ್ತಿದ್ದೇವೆ. ಒಡವೆಯ ಬೆಲೆ ಅದರ ತೂಕವೊಂದರಲ್ಲಿಯೇ ಇಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ದೇವಾಲಯಕ್ಕೆ ಹೋದವರು ಮದನಿಕೆಯರನ್ನು ನೋಡಿದ್ದೀರಿ. ಅವರು ಮದುಮಗಳಲ್ಲ, ನಿಜ. ಆದರೆ ಒಬ್ಬಳ ಸಿಂಗಾರದಂತೆ ಮತ್ತೊಬ್ಬಳದಿಲ್ಲ. ಒಬ್ಬಳು ಕನ್ನಡಿ ಹಿಡಿದು ತನ್ನ ಅಲಂಕಾರವನ್ನು ತಾನೇ ಪರೀಕ್ಷಿಸುತ್ತಾಳೆ. ಒಳಗಣ ಒಬ್ಬಳ ಕೈಬಳೆಯನ್ನು ಶಿಲ್ಪಿ ತಿರುಗುವಂತೆಯೇ ಬಿಡಿಸಿದ್ದಾನೆ. ಕಲ್ಲಿನ ಹೆಣ್ಣಿಗೂ ಅವಳದೇ ಆದ ಒಂದು ಬಗೆ ಬೇಕೆಂದು ಆ ರೂವಾರಿಗಳಿಗೆ ತೋರಿತು.

ಹೊಯ್ಸಳರು ಆಗ ಸಾಮಂತರು. ಅವರ ಮೇಲಿನ ಚಾಲುಕ್ಯ ಚಕ್ರವರ್ತಿಗಳ ರಾಜಧಾನಿ ಕಲ್ಯಾಣ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಕಲ್ಯಾಣವೆಂದರೆ ಮದುವೆಯೆಂದೂ ಅರ್ಥವಷ್ಟೆ! ನಮ್ಮ ವಿಷಯಕ್ಕೆ ಬೇಕಾದ ಎರಡು ಗ್ರಂಥಗಳು ಅಲ್ಲಿಯೇ ಹುಟ್ಟಿದುವು. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (೧೦೭೬-೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ವನ್ನು ರಚಿಸಿ, ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಆಭರಣಗಳಿಗೂ ಒಂದು ಪ್ರಕರಣವನ್ನು ಮೀಸಲಿಟ್ಟನು. ಅದರ ಹೆಸರೇ ಭೂಷೋಪಭೋಗ. ಅಲ್ಲಿ ಒಡವೆ ಅರಸನ ಭೋಗಗಳಲ್ಲಿ ಒಂದು.

ಒಡವೆ ಯಾರದೆಂಬ ವಿಚಾರ ಬೇಕಾದರೆ ತಂದೆಯ ಕಾಲದ ಗ್ರಂಥಕ್ಕೆ ಹೋಗಬೇಕು. ತಂದೆ, ತಾಯಿ, ಗಂಡ, ಸೋದರರು ಕೊಟ್ಟದ್ದು, ವಿವಾಹಾಗ್ನಿಯ ಮುಂದೆ ಬಂದದ್ದು ಮೊದಲಾದುದು ಸ್ತ್ರೀಧನವೆಂದು ಸ್ಮೃತಿ ಹೇಳುತ್ತದೆ. 'ಮೊದಲಾದುದು' ಎಂಬ ಆ ಒಂದು ಮಾತನ್ನು ಹಿಡಿದು ವಿಜ್ಞಾನೇಶ್ವರನು ಉತ್ತರಾಧಿಕಾರದಿಂದ ಬಂದದ್ದು, ಕ್ರಯಕ್ಕೆ ಕೊಂಡದ್ದು, ಪಾಲಿನಲ್ಲಿ ದೊರೆತದ್ದು ಎಲ್ಲವನ್ನೂ ಒಳಗೆ ತಂದನು. ಸ್ತ್ರೀಧನವೆಂಬುದು ಪಾರಿಭಾಷಿಕ ಪದವಲ್ಲ, ಪದದ ಅವಯವಗಳೇ ಅದರ ಅರ್ಥ. ಸ್ತ್ರೀಯ ಧನವೇ ಸ್ತ್ರೀಧನ ಎಂಬುದು ಅವನ ವಾದ. ಕ್ಷಾಮ, ರೋಗ, ಸೆರೆ ಮೊದಲಾದ ಆಪತ್ತುಗಳಲ್ಲಿ ಗಂಡ ಅದನ್ನು ಬಳಸಿಕೊಳ್ಳಲು ಸ್ಮೃತಿಯ ಅನುಮತಿಯುಂಟು. ಆದರೆ ಆಪತ್ತು ಬಂದಾಗ ಮಾತ್ರ ಬೇಕಾಗುವ ಅನುಮತಿಯೇ ಉಳಿದ ಕಾಲದಲ್ಲಿ ಅದು ಅವನದಲ್ಲವೆಂಬುದನ್ನು ಸಾರುತ್ತದೆ.

ಬ್ರಿಟಿಷರ ಕಾಲದ ನ್ಯಾಯಾಲಯಗಳು, ಉತ್ತರಾಧಿಕಾರದಿಂದ ಬಂದ ಸ್ವತ್ತಿನ ವಿಷಯದಲ್ಲಿ ಮುಖ್ಯವಾಗಿ, ಈ ವಿಶಾಲಾರ್ಥವನ್ನು ಕುಗ್ಗಿಸಿದುವು. ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಕಾಯಿದೆ ಮಾಡಿ ಸ್ತ್ರೀಧನವನ್ನು ವಿವರಿಸಿತು. ಹೆಣ್ಣು ತನ್ನ ವಶದಲ್ಲಿರುವ ಸ್ವತ್ತಿಗೆ ಪೂರ್ಣ ಒಡತಿಯೆಂದು ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೇಳಿತು. ಮದುವೆಯ ಉಡುಗೊರೆ, ಸ್ತ್ರೀಧನ ಎರಡೂ ಅದರಲ್ಲಿ ಸೇರಿವೆ. ಹೆಂಡತಿ ನಂಬಿ ಇಡಲು ಕೊಟ್ಟ ಸ್ತ್ರೀಧನವನ್ನು ಗಂಡನಾಗಲಿ ಅವನ ಮನೆಯವರಾಗಲಿ ಹಿಂದಿರುಗಿಸದಿದ್ದರೆ ಅದು ನಂಬಿಕೆದ್ರೋಹದ ಅಪರಾಧವಾಗುತ್ತದೆಂದು ೧೯೮೫ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಕಲ್ಯಾಣದ ಪಂಡಿತನ ಮಾತು ಸುತ್ತಿ ಬಳಸಿ ಮನೆಗೆ ಬಂದಂತಾಯಿತು.

ಒಡವೆಯ ಮೇಲೆ ಕಾಲದ ಒತ್ತಡ ಬಿದ್ದದ್ದೂ ಉಂಟು. ಚೀನದ ಆಕ್ರಮಣದ ಮರುವರ್ಷ, ೧೯೬೩ರ ಜನವರಿಯಲ್ಲಿ, ಚಿನ್ನದ ನಿಯಂತ್ರಣ ಜಾರಿಗೆ ಬಂದು, ೧೪ ಕ್ಯಾರಟ್ಟಿಗಿಂತ ಶುದ್ಧವಾದ ಹೊಸ ಒಡವೆಗಳನ್ನು ಮಾಡಕೂಡದೆಂದಾಯಿತು. ಅಪ್ಪಟ ಚಿನ್ನ ೨೪ ಕ್ಯಾರಟ್ಟು. ೧೪ ಎಂದರೆ ನೂರಕ್ಕೆ ೫೮ ಪಾಲು. ಅಕ್ಕಸಾಲಿಗರ ಮನೆಗಳಲ್ಲಿ ಕುಲುಮೆ ತಣ್ಣಗಾಯಿತು. ಆ ನಿರ್ಬಂಧ ೧೯೬೬ರಲ್ಲಿ ಸಡಿಲಿತು. ೧೯೬೮ರ ಚಿನ್ನ ನಿಯಂತ್ರಣ ಕಾಯಿದೆ ೧೯೯೦ರಲ್ಲಿ ರದ್ದಾಯಿತು. ಆ ವರ್ಷಗಳಲ್ಲಿಯೂ ಮದುವೆಗಳು ನಿಲ್ಲಲಿಲ್ಲ. ಅಜ್ಜಿಯ ಪೆಟ್ಟಿಗೆಯ ಹಳೆಯ ಒಡವೆಯೂ ಮದುಮಗಳಿಗೆ ಒಪ್ಪುತ್ತಿತ್ತು.

ಕೊಡವರಲ್ಲಿ ಒಂದು ಪದ್ಧತಿಯಿದೆ. ಮಾಂಗಲ್ಯದ ಸ್ಥಾನದಲ್ಲಿರುವ ಪತ್ತಾಕನ್ನು ಮದುಮಗಳ ಕೊರಳಿಗೆ ಕಟ್ಟುವವಳು ಅವಳ ತಾಯಿ. ಎಲ್ಲರೂ ಈ ಪದ್ಧತಿಯನ್ನು ಅನುಸರಿಸಬೇಕೆಂದಲ್ಲ; ಇದರ ಭಾವವನ್ನು ಎಲ್ಲ ತಾಯಂದಿರೂ ತೆಗೆದುಕೊಳ್ಳಬಹುದು. ಸಂಪ್ರದಾಯ ಕೇಳುವುದನ್ನು ಸಂಪ್ರದಾಯಕ್ಕೆ ಕೊಡಿ. ಉಳಿದುದರಲ್ಲಿ ಒಂದನ್ನಾದರೂ ಮಗಳೇ ಆರಿಸಲಿ. ಅವಳಿಗೆ ಅಜ್ಜಿಯ ಅಡ್ಡಿಕೆ ಮೆಚ್ಚಾಗಬಹುದು, ಹಗುರವಾದ ಬೆಳ್ಳಿಯ ಡಾಬು ಸಾಕೆನಿಸಬಹುದು, ಕೊರಳನ್ನು ಬರಿದಾಗಿ ಬಿಟ್ಟು ಕಿವಿಗೆ ದೊಡ್ಡ ಝುಮಕಿ ಬೇಕೆನಿಸಬಹುದು. ಅಂಗಡಿಯಲ್ಲಿ ಹಾಲ್‌ಮಾರ್ಕಿನ ಗುರುತನ್ನು ನೋಡುವುದು ನಿಮ್ಮ ಕೆಲಸ; ಕನ್ನಡಿಯಲ್ಲಿ ನೋಡುವುದು ಅವಳ ಕೆಲಸ.

ಇನ್ನೊಂದು ಮಾತು. ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಮದುವೆಯ ಕಾಲದಲ್ಲಿಯೇ ಬರೆದಿಡಬೇಕೆಂದು ೧೯೮೫ರ ನಿಯಮಗಳು ವಿಧಿಸಿವೆ. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ, ವಧೂವರರ ಸಹಿ, ಇಷ್ಟೇ. ಆ ಪಟ್ಟಿಯನ್ನು ಇಟ್ಟುಕೊಳ್ಳಬೇಕಾದವಳು ವಧು. ಮುಯ್ಯಿಯ ಲೆಕ್ಕಕ್ಕೆಂದು ನಮ್ಮ ಮದುವೆಮನೆಗಳಲ್ಲಿ ಹೇಗೂ ಒಬ್ಬರು ಪುಸ್ತಕ ಹಿಡಿದು ಕುಳಿತಿರುತ್ತಾರೆ. ಅವರ ಪಕ್ಕದಲ್ಲಿ ಇನ್ನೊಂದು ಹಾಳೆ ಇರಲಿ. ಅದರ ತಲೆಯ ಮೇಲೆ ಮಗಳ ಹೆಸರಿರಲಿ.